ಜಂತ್ರಡಿ

ಬಟ್ಟಲು ಎದುರಿಗೆ ಬಂದರೆ ಸಾಕು,
ಎಡಗಡೆ ದವಡೆಯ ಅಡಿಯಲ್ಲಿ ಅದು ಎದ್ದು ಕೂರುತ್ತದೆ.
ಮುರುಗಲು ಹಾಕಿದ ಸಾರಾದರೆ ನೆಲ್ಲಿಕಾಯಿಯಷ್ಟು,
ಬರೀ ಗಂಜಿಯಾದರೆ ಹುಣಸೆಬೀಜದಷ್ಟು.
ಬಾಯಲ್ಲಿ ನೀರೂರಿತು ಅನ್ನುತ್ತಾರಲ್ಲ,
ನನಗೆ ಅದೇ ನೋವು.
ಪಾತ್ರೆ ಬೆಳಗಿ, ಕೋಳಿಗೂಡಿನ ಬಾಗಿಲು ಹಾಕಿ ಬರುವುದರೊಳಗೆ
ಇಳಿದಿರುತ್ತದೆ.
ಇಳಿಯುತ್ತದಲ್ಲ ಎಂದು
ಒಂದು ಮಳೆಗಾಲ, ಒಂದು ಚಳಿಗಾಲ
ಅದರ ಜೊತೆ ಸಂಸಾರ ಮಾಡಿದೆ.

ಸಾಣಿಕಟ್ಟಾದಲ್ಲಿ ಮುಖ ಮುಚ್ಚಿಕೊಳ್ಳಲು ಜಾಗವಿಲ್ಲ,
ಎಲ್ಲ ಬಯಲು, ಎಲ್ಲ ಬೆಳಕು, ಕೆಳಗೂ ಬಿಳಿ ಮೇಲೂ ಬಿಳಿ.
ಬುಟ್ಟಿ ಹೊತ್ತ ಸಾಲಿನಲ್ಲಿ ಹಿಂದೆ ಬರುವ ಗಣಪಿ ಕೇಳಿದಳು,
"ಎಂತದೇ ಅದು, ಕೆಪ್ಪಟೆಯಾ? ಈ ವಯಸ್ಸಲ್ಲಿ?"
ಎಲ್ಲರೂ ನಕ್ಕರು. ನಾನೂ ನಕ್ಕೆ, ಬಲಗಡೆಯಿಂದ.
ನಾದಿನಿ ಹೊನ್ನಮ್ಮ ನಗಲಿಲ್ಲ.
ನನ್ನ ಕವಳದ ಸಂಚಿಯನ್ನೊಮ್ಮೆ ನೋಡಿದಳು,
ಆಮೇಲೆ ತನ್ನದನ್ನು.
ಅವತ್ತಿನಿಂದ ಇಬ್ಬರ ತಂಬಾಕೂ ಸಂಚಿಯ ತಳಕ್ಕೆ ಹೋಗಿದೆ.
ಬಿಟ್ಟೆವು ಎಂದು ಸುಳ್ಳು ಹೇಳುವುದಿಲ್ಲ.

ರಾತ್ರಿ ಕತ್ತಲಲ್ಲಿ ಬೆರಳಿಟ್ಟು ಮುಟ್ಟಿ ನೋಡುತ್ತೇನೆ.
ನನಗೆ ಗೊತ್ತಿರುವ ವಿದ್ಯೆ ಒಂದೇ: ನೀರು ಓಡಾಡಬೇಕು.
ಉಬ್ಬರಕ್ಕೆ ಜಂತ್ರಡಿಯ ಹಲಗೆ ಎತ್ತಬೇಕು.
ಹಲಗೆ ಸಿಕ್ಕಿಕೊಂಡರೆ ಕಟ್ಟೆ ಉಬ್ಬುತ್ತದೆ, ಎಲ್ಲೋ ಒಡೆಯುತ್ತದೆ.
ನಿಂತ ನೀರಿನಲ್ಲಿ ಮೊದಲು ಕೆನೆ,
ಆಮೇಲೆ, ಯಾರೂ ಕರೆಯದೆ, ಕಾಳು.
ಆಗರದಲ್ಲಾದರೆ ಅದಕ್ಕೆ ಕೂಲಿ ಕೊಡುತ್ತಾರೆ.

ಆಶಾ ಕೆಲಸದ ವಿಮಲಾಬಾಯಿ ಟಾರ್ಚು ಬಿಟ್ಟು ನೋಡಿ
"ನೀರು ಕುಡಿ, ಬಿಸಿಲಲ್ಲಿ ಒಣಗಬೇಡ" ಅಂದಳು.
(ಉಪ್ಪಿನವಳಿಗೆ ಹೇಳುವ ಮಾತೇ ಇದು!)
"ಬಿಸಿ ಬಟ್ಟೆ ಇಡು. ಲಿಂಬು ಹೋಳು ಚೀಪು.
ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತು, ಹಸು ಕರೆದ ಹಾಗೆ.
ಬಂದು ಹೋಗುತ್ತಿದ್ದರೆ ಈ ವಾರವಲ್ಲದಿದ್ದರೆ ಮುಂದಿನ ವಾರ ತೋರಿಸು.
ಬಂದದ್ದು ಕೂತರೆ, ಜ್ವರ ಬಂದರೆ, ಬಾಯಿ ತೆರೆಯದಿದ್ದರೆ
ಅವತ್ತೇ ಹೋಗು.
ಉಸಿರಿಗೇ ಅಡ್ಡ ಬಂದರೆ ನನ್ನನ್ನೂ ಕೇಳುತ್ತ ಕೂರಬೇಡ."

ನಾನು ಮುಂದಿನ ವಾರವನ್ನು ಆರಿಸಿಕೊಂಡೆ.
ಪ್ರತಿ ವಾರವೂ.

ಬಿಸಿಲು ಏರಿತ್ತು, ಉಪ್ಪು ಬೀಳುತ್ತಿತ್ತು,
ಕುಮಟೆಗೆ ಹೋದ ಒಂದು ದಿನ ಅಂದರೆ ಒಂದು ದಿನದ ಕೂಲಿ.
ಮೇಲಾಗಿ ಡಾಕ್ಟರು ಏನಾದರೂ ಹೇಳಿಬಿಟ್ಟರೆ?
ಲಿಂಬು ಚೀಪಿದೆ. ಒತ್ತಿದೆ. ಒಂದು ದಿನ ನಾಲಿಗೆಯಡಿ
ಚಿಲುಮೆಯಂತೆ ಪಿಚಕ್ಕೆಂದು ನೀರು ಹಾರಿ
ಹಗುರಾಗಿ, ಒಬ್ಬಳೇ ಕುಣಿಯುವಷ್ಟು ಖುಷಿಪಟ್ಟೆ.
ಗುಣವಾಯಿತು ಎಂದೇ ಮಾಡಿದ್ದೆ.

ಶನಿವಾರ ರಾತ್ರಿ ಒಣಸಿಗಡಿ ಚಟ್ನಿಯ ವಾಸನೆಗೆ ಎದ್ದದ್ದು
ಮಲಗಲೇ ಇಲ್ಲ.
ಭಾನುವಾರ ಉಪವಾಸವಿದ್ದು ಮೋಸ ಮಾಡಲು ನೋಡಿದೆ.
ನಾನು ಉಣ್ಣಲಿಲ್ಲ, ಅದು ಉಂಡಿತ್ತು.
ಚರ್ಮ ಕೆಂಪು, ಮುಟ್ಟಿದರೆ ಕಾದ ಹೆಂಚು.
ನಾಲಿಗೆಯಡಿಯಿಂದ ಏನೋ ಒಸರಿತು, ಕಹಿಯಾದ ಉಪ್ಪು.
ನಲವತ್ತು ವರ್ಷದ ನಾಲಿಗೆಗೆ ತಿಳಿಯದೇ,
ಇದು ನಮ್ಮ ಆಗರದ್ದಲ್ಲ.
ನಡುರಾತ್ರಿ ಹಲ್ಲುಗಳ ನಡುವೆ ಬೆರಳಿಟ್ಟು ಅಳೆದೆ.
ಒಂದು ಹಿಡಿಯಿತು. ಎರಡನೆಯದು ಹಿಡಿಯಲಿಲ್ಲ.
ಮೈ ನಡುಗುತ್ತಿತ್ತು, ಮಾರ್ಚಿ ತಿಂಗಳಲ್ಲಿ.

ವಿಚಿತ್ರವೆಂದರೆ ಹೆದರಿಕೆ ಆಗಲೇ ಹೋದದ್ದು.
ಯೋಚಿಸಲು ಇನ್ನೇನೂ ಉಳಿದಿರಲಿಲ್ಲ.
ಹೊನ್ನಮ್ಮನನ್ನು ಎಬ್ಬಿಸಿ, ಕೈಸನ್ನೆಯಲ್ಲಿ ಕೋಳಿ ತೋರಿಸಿ,
ಗೋಣಿಯಂಥ ದೊಡ್ಡ ಟವೆಲು ತಲೆಗೆ ಸುತ್ತಿ
ಮೊದಲ ಬಸ್ಸಿಗೆ ನಿಂತೆ.

"ಎಲ್ಲಿಗೆ?" ಅಂದ ಕಂಡಕ್ಟರ.
ಕುಮಟೆ ಎನ್ನಲು ತುಟಿ ಮುಚ್ಚಿ ತೆರೆಯಬೇಕು, ಆಗಲಿಲ್ಲ.
ಆಧಾರ ಕಾರ್ಡು ಚಾಚಿದೆ.
ಅದರಲ್ಲಿ ನನ್ನ ಎರಡೂ ಕೆನ್ನೆ ಸಮ.
ಅವನು ಕಾರ್ಡು ನೋಡಿದ, ಟವೆಲಿನೊಳಗೆ ನೋಡಿದ,
ಮತ್ತೆ ಕಾರ್ಡು ನೋಡಿದ.
"ಸರ್ಕಾರಿ ಆಸ್ಪತ್ರೆಯಾ?" ಎಂದು ಮೆಲ್ಲಗೆ ಕೇಳಿ
ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಟ್ಟು,
ಕಿಟಕಿ ಪಕ್ಕ ಕೂತಿದ್ದ ಹುಡುಗನನ್ನು ಎಬ್ಬಿಸಿದ.

ಮಾದನಗೇರಿ ದಾಟುವಾಗ ಬೆಳಕಾಯಿತು.
ಗಜನಿಯ ನೀರು ತುಂಬಿ ನಿಂತಿತ್ತು.
ಯಾರೋ ಒಬ್ಬ ಮೊಣಕಾಲುದ್ದ ಕೆಸರಿನಲ್ಲಿ
ಹಲಗೆಗೆ ಹೆಗಲು ಕೊಟ್ಟು ಎತ್ತುತ್ತಿದ್ದ.
ಬಸ್ಸು ನಿಲ್ಲಲಿಲ್ಲ; ಎತ್ತಿದನೋ ಇಲ್ಲವೋ ನೋಡಲಾಗಲಿಲ್ಲ.